ಮಂಜರಾಬಾದ್ ಕಾಫಿ

ಮಂಜರಾಬಾದ್ ಕಾಫಿ ಎಂಬುದು ಕರ್ನಾಟಕದ ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಮರಗಳ ನೆರಳಿನಡಿ ಬೆಳೆಯುವ ಕಾಫಿಗೆ ಇರುವ ಪ್ರಾದೇಶಿಕ ಹೆಸರು. ಭಾರತದ ಕಾಫಿ ಮಂಡಳಿಯು ದೇಶದ ಕಾಫಿ ಪ್ರದೇಶಗಳನ್ನು ಗುರುತಿಸುವಾಗ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು, ಬಿಳಿಗಿರಿ, ನೀಲಗಿರಿ ಮುಂತಾದವುಗಳ ಸಾಲಿನಲ್ಲಿ ಮಂಜರಾಬಾದನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಇಲ್ಲಿನ ಮುಖ್ಯ ಬೆಳೆ ಅರೇಬಿಕಾ. ಅದರೊಂದಿಗೆ ರೊಬಸ್ಟಾ ಕಾಫಿ, ಕಾಳುಮೆಣಸು, ಏಲಕ್ಕಿ, ಅಡಿಕೆ ಮತ್ತು ಬಾಳೆಯನ್ನೂ ಬೆಳೆಯಲಾಗುತ್ತದೆ.

ಪಾನೀಯವೊಂದರ ರುಚಿಯನ್ನು ಬಲ್ಲವರೇ ಅದರ ಬೆಲೆಯ ಏರಿಳಿತವನ್ನು ಅಭ್ಯಾಸ ಮಾಡುವುದು, ಅದು ಹುಟ್ಟುವ ನೆಲವನ್ನು ನೋಡಲು ಪ್ರಯಾಣ ಮಾಡುವುದು ಯುರೋಪಿನ ವೈನ್ ಸೀಮೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಸನದ ಮಲೆನಾಡಿನಲ್ಲಿ ದ್ರಾಕ್ಷಿಯ ತೋಟಗಳಿಲ್ಲ. ಆ ಸ್ಥಾನ ಕಾಫಿಯದು. ಮಂಜರಾಬಾದ್ ಕಾಫಿಯ ಸುಮಾರು 180 ವರ್ಷಗಳ ಇತಿಹಾಸದಲ್ಲಿ ರುಚಿ, ಲೆಕ್ಕಾಚಾರ ಮತ್ತು ಪ್ರಯಾಣ ಈ ಮೂರೂ ಒಂದನ್ನೊಂದು ಅವಲಂಬಿಸಿವೆ. ಒಳ್ಳೆಯ ರುಚಿಗೆ ತಕ್ಕ ಬೆಲೆ ದೊರೆತಾಗ ಮಾತ್ರ ಅಂಥ ಕಾಫಿಯನ್ನು ಬೆಳೆಯುವವರು ಉಳಿಯುತ್ತಾರೆ ಎಂಬುದು ಈ ಇತಿಹಾಸದಿಂದ ತಿಳಿದುಬರುವ ಮುಖ್ಯ ಸಂಗತಿ.

ಹೆಸರಿನ ಹಿನ್ನೆಲೆ

ಸಕಲೇಶಪುರ ಸೀಮೆಗೆ ಹಿಂದೆ ಬಲಂ ಎಂಬ ಹೆಸರಿತ್ತು. ಐಗೂರಿನ ಪಾಳೆಯಗಾರರು ಇದನ್ನು ಆಳುತ್ತಿದ್ದರು. ಟಿಪ್ಪು ಸುಲ್ತಾನನು 1792ರಲ್ಲಿ ಸಕಲೇಶಪುರದ ಸಮೀಪದ ಗುಡ್ಡವೊಂದರ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದನು. ಗುಡ್ಡವನ್ನು ಆವರಿಸಿದ್ದ ಮಂಜಿನಿಂದಾಗಿ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಬಂದಿತೆಂದು ಹೇಳಲಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ತಾಲ್ಲೂಕಿಗೂ ಇದೇ ಹೆಸರಿತ್ತು. ಮುಂದೆ ತಾಲ್ಲೂಕು ಸಕಲೇಶಪುರವೆಂದು ಕರೆಯಲ್ಪಟ್ಟರೂ ಹಳೆಯ ಹೆಸರು ಕೋಟೆಯಲ್ಲಿ ಮತ್ತು ಕಾಫಿಯಲ್ಲಿ ಉಳಿದುಕೊಂಡಿದೆ.

ನೆಲ ಮತ್ತು ಹವಾಮಾನ

ಈ ಪ್ರದೇಶವು ಪಶ್ಚಿಮ ಘಟ್ಟಗಳ ಪೂರ್ವದ ಇಳಿಜಾರಿನಲ್ಲಿದೆ. ಕಾಫಿ ತೋಟಗಳು ಹೆಚ್ಚಾಗಿ ಸಮುದ್ರಮಟ್ಟದಿಂದ 900ರಿಂದ 1,100 ಮೀಟರ್ ಎತ್ತರದಲ್ಲಿವೆ. ಸಕಲೇಶಪುರ ಪಟ್ಟಣದ ಮೂಲಕ ಹರಿಯುವ ಹೇಮಾವತಿ ನದಿ ಪೂರ್ವಕ್ಕೆ ಸಾಗಿ ಕಾವೇರಿಯನ್ನು ಸೇರುತ್ತದೆ. ಘಟ್ಟದ ಅಂಚಿನ ಆಚೆಗೆ ಬಿದ್ದ ಮಳೆ ಕೆಂಪುಹೊಳೆಯ ಮೂಲಕ ಪಶ್ಚಿಮದ ಕಡಲಿನತ್ತ ಹೋಗುತ್ತದೆ.

ಮಳೆಯ ಪ್ರಮಾಣವು ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಕಡಿಮೆಯಾಗುತ್ತದೆ. ಘಟ್ಟದ ಅಂಚಿಗೆ ಹತ್ತಿರವಾದ ಹೆತ್ತೂರು, ಯಸಳೂರು ಮತ್ತು ಹಾನುಬಾಳು ಹೋಬಳಿಗಳಲ್ಲಿ ಮಳೆ ಅಧಿಕ. ಪೂರ್ವದಲ್ಲಿ ಆಲೂರು ತಾಲ್ಲೂಕಿನ ಕೆ. ಹೊಸಕೋಟೆ, ಪಾಳ್ಯ, ಕುಂದೂರು ಭಾಗಗಳಿಗೆ ಬಂದರೆ ಮಲೆನಾಡು ನಿಧಾನವಾಗಿ ಅರೆಮಲೆನಾಡಾಗುತ್ತದೆ. ಕಾಫಿ ತೋಟಗಳ ನಡುವೆ ಭತ್ತದ ಗದ್ದೆಗಳೂ ಜೋಳದ ಹೊಲಗಳೂ ಕಾಣುತ್ತವೆ. ಕೆಲವೇ ಮೈಲಿಗಳ ಅಂತರದಲ್ಲಿ ಮಳೆ, ಮಣ್ಣು ಮತ್ತು ನೆರಳು ಬದಲಾಗುವುದರಿಂದ ಒಂದೇ ತಳಿಯ ಕಾಫಿಯೂ ತೋಟದಿಂದ ತೋಟಕ್ಕೆ ಭಿನ್ನವಾದ ರುಚಿ ಕೊಡಬಹುದು.

ಕಾಫಿ ಬೆಳೆಗೆ ವರ್ಷದ ಒಟ್ಟು ಮಳೆಗಿಂತ ಮಳೆ ಬೀಳುವ ಹೊತ್ತು ಮುಖ್ಯ. ಅರೇಬಿಕಾ ಗಿಡಕ್ಕೆ ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಸುಮಾರು ಒಂದರಿಂದ ಒಂದೂವರೆ ಇಂಚು ಮಳೆ ಒಮ್ಮೆಗೆ ಬೇಕು. ಇದನ್ನು ಹೂಮಳೆ ಎನ್ನುತ್ತಾರೆ. ಈ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿಯ ಹೂಗಳಿಂದ ತುಂಬುತ್ತದೆ. ಬಳಿಕ ಕೆಲವು ವಾರಗಳೊಳಗೆ ಮತ್ತೊಂದು ಮಳೆ ಬಂದರೆ ಕಾಯಿ ಕಚ್ಚಿ ನಿಲ್ಲುತ್ತದೆ. ಬೆಳೆಗಾರರ ಮಾತಿನಲ್ಲಿ ಇದು ‘ಬ್ಯಾಕಿಂಗ್’ ಮಳೆ. ತೋಟದ ಮನೆಗಳಲ್ಲಿ ಮಳೆಮಾಪಕವನ್ನಿಟ್ಟು, ಪ್ರತಿದಿನ ಬೆಳಿಗ್ಗೆ ಇಂಚು ಮತ್ತು ಸೆಂಟ್‌ಗಳ ಲೆಕ್ಕದಲ್ಲಿ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಇದೆ. ಒಂದು ಇಂಚಿಗೆ ನೂರು ಸೆಂಟ್.

ಇತಿಹಾಸ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರಚಲಿತ ಐತಿಹ್ಯ. ಬಹುಕಾಲ ಕಾಫಿ ಹಿತ್ತಲ ಗಿಡವಾಗಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕ್ಯಾನನ್ ಎಂಬ ಯುರೋಪಿಯನ್ ಬೆಳೆಗಾರ ಬಾಬಾಬುಡನ್ ಶ್ರೇಣಿಯ ಬಳಿ ತೋಟ ಮಾಡಿದನು. ಮಂಜರಾಬಾದ್ ಸೀಮೆಯಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ 1843ರಲ್ಲಿ ಈ ಕೆಲಸ ಆರಂಭಿಸಿದನು.

ರಾಬರ್ಟ್ ಎಲಿಯಟ್

ಈ ಸೀಮೆಯ ಕಾಫಿಯ ಆರಂಭಕಾಲವನ್ನು ವಿವರವಾಗಿ ದಾಖಲಿಸಿದವನು ರಾಬರ್ಟ್ ಎಚ್. ಎಲಿಯಟ್. ಸ್ಕಾಟ್‌ಲೆಂಡಿನ ಈ ತರುಣ 1855ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮಂಜರಾಬಾದಿನಲ್ಲಿ ತೋಟ ಮಾಡಿದನು. 1871ರಲ್ಲಿ ಮೈಸೂರು ಕಾಡಿನ ಬೆಳೆಗಾರನಾಗಿ ತನಗಾದ ಅನುಭವಗಳ ಪುಸ್ತಕವನ್ನು ಪ್ರಕಟಿಸಿದನು. 1894ರಲ್ಲಿ ಪ್ರಕಟವಾದ ಅವನ ಇನ್ನೊಂದು ಪುಸ್ತಕದ ವಿಷಯ ಮೈಸೂರಿನ ಚಿನ್ನದ ಗಣಿ, ಬೇಟೆ ಮತ್ತು ಕಾಫಿ ಕೃಷಿ. ಅದರಲ್ಲಿ ಕೊಡಗಿನ ಕಾಫಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ, ಜಾತಿಪದ್ಧತಿ ಮತ್ತು ಬೆಳ್ಳಿಯ ನಾಣ್ಯದ ಪ್ರಶ್ನೆಯ ಕುರಿತ ಅಧ್ಯಾಯಗಳೂ ಇವೆ. ಬೆಳೆಗಾರನ ದಿನಚರಿ, ಪ್ರವಾಸಕಥನ ಮತ್ತು ಆರ್ಥಿಕ ವಿಚಾರ ಒಂದೇ ಸಂಪುಟದಲ್ಲಿ ಸೇರಿರುವುದು ಆ ಕೃತಿಯ ವೈಶಿಷ್ಟ್ಯ. ವಸಾಹತು ಕಾಲದ ಬ್ರಿಟಿಷ್ ಬೆಳೆಗಾರನೊಬ್ಬನ ದೃಷ್ಟಿಯಿಂದ ಬರೆದ ಬರಹ ಅದು; ತೋಟ ಕಡಿದು ನೆಟ್ಟ ಕೂಲಿಕಾರರ ಮಾತು ಅದರಲ್ಲಿ ನೇರವಾಗಿ ಸಿಗುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕಾಗುತ್ತದೆ.

ಕೊಡಗಿನ ಬೀಜದ ಪ್ರಸಂಗ

ಆರಂಭದಲ್ಲಿ ಇಲ್ಲಿ ಬೆಳೆಯುತ್ತಿದ್ದುದು ‘ಚಿಕ್’ ಎಂಬ ಹಳೆಯ ತಳಿ. ಚಿಕ್ಕಮಗಳೂರಿನ ಹೆಸರಿನಿಂದ ಬಂದ ಪದವಿದು. 1860ರ ದಶಕದ ಕೊನೆಯ ಭಾಗದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯೂ ಬಳಿಕ ಎಲೆರೋಗವೂ ಸೇರಿ ಈ ತಳಿ ನಾಶವಾಗತೊಡಗಿತು. ಹೊಸದಾಗಿ ನೆಟ್ಟ ಚಿಕ್ ಗಿಡಗಳೂ ನಿಲ್ಲಲಿಲ್ಲ. ಮಂಜರಾಬಾದಿನಲ್ಲಿ ಕಾಫಿಯ ಕಾಲ ಮುಗಿಯಿತೆಂದು ಅನೇಕರು ಭಾವಿಸಿದ್ದರು.

ಇದಕ್ಕೆ ಪರಿಹಾರ ದೊರೆತದ್ದು ಪ್ರಯಾಣದಿಂದ. ಎಲಿಯಟ್ ಬರೆದಿರುವಂತೆ, ಸ್ಟಾನ್ಲಿ ಜಪ್ ಎಂಬ ಬೆಳೆಗಾರ 1870ರ ಸುಮಾರಿಗೆ ಕೊಡಗಿನಲ್ಲಿ ಆರೋಗ್ಯವಾಗಿ ಬೆಳೆದಿದ್ದ ಗಿಡಗಳನ್ನು ಗಮನಿಸಿ, ಅಲ್ಲಿನ ಬೀಜವನ್ನು ತಂದು ನೆಟ್ಟು ನೋಡುವಂತೆ ಸಲಹೆ ಮಾಡಿದನು. ಆ ಸಸಿಗಳು ಚೆನ್ನಾಗಿ ಬಂದವು. ಆದರೆ ಬೆಳೆಗಾರರ ಮುಂದೆ ಮತ್ತೊಂದು ಪ್ರಶ್ನೆ ನಿಂತಿತು. ಲಂಡನ್ ಮಾರುಕಟ್ಟೆಯಲ್ಲಿ ಹಳೆಯ ಮೈಸೂರು ಕಾಫಿಗೆ ರುಚಿಯ ಕಾರಣದಿಂದ ಹೆಚ್ಚಿನ ಬೆಲೆ ಇತ್ತು. ಕೊಡಗಿನ ಕಾಫಿಗೆ ಅಷ್ಟು ಬೆಲೆ ಇರಲಿಲ್ಲ. ಗಿಡ ಉಳಿದು ಬೆಲೆ ಹೋದರೆ ಪ್ರಯೋಜನವೇನು ಎಂಬುದು ಅವರ ಚಿಂತೆಯಾಗಿತ್ತು.

ಕೊಡಗಿನ ಬೀಜದಿಂದ ಬೆಳೆದ ಗಿಡಗಳಿಗೆ ವಯಸ್ಸಾದಂತೆ ಅವುಗಳ ಬೀಜ ನೋಟದಲ್ಲಿಯೂ ಗುಣದಲ್ಲಿಯೂ ಹಳೆಯ ಮೈಸೂರು ಕಾಫಿಗೆ ಹತ್ತಿರವಾಗುತ್ತಾ ಬಂದಿತೆಂದು ಎಲಿಯಟ್ ದಾಖಲಿಸಿದ್ದಾನೆ. ಭಯ ದೂರವಾಗಿ ಯುರೋಪಿಯನ್ನರೂ ಸ್ಥಳೀಯ ಬೆಳೆಗಾರರೂ ಹೊಸದಾಗಿ ನೆಡತೊಡಗಿದರು. ಎತ್ತರ, ಮಣ್ಣು, ಮಳೆ ಮತ್ತು ನೆರಳಿಗೂ ರುಚಿಯಲ್ಲಿ ಪಾಲಿದೆ ಎಂಬ ನಂಬಿಕೆಗೆ ಈ ಅನುಭವ ಆಧಾರವಾಯಿತು. ವೈನ್ ಬೆಳೆಯುವ ಫ್ರೆಂಚರು ‘ಟೆರುವಾರ್’ ಎಂದು ಕರೆಯುವುದು ಇದೇ ಭಾವನೆಯನ್ನು.

ಬೆಳ್ಳಿ ರೂಪಾಯಿ ಮತ್ತು ಕಾಫಿ

ಆ ಕಾಲದ ಭಾರತದ ರೂಪಾಯಿ ಬೆಳ್ಳಿಯ ನಾಣ್ಯ. ಬ್ರಿಟನ್ನಿನ ಪೌಂಡು ಚಿನ್ನವನ್ನು ಆಧರಿಸಿತ್ತು. 1870ರ ದಶಕದಿಂದ ಪ್ರಪಂಚದಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತಾ ಹೋದಂತೆ ರೂಪಾಯಿಯ ವಿನಿಮಯ ದರವೂ ಇಳಿಯಿತು. ಮಂಜರಾಬಾದಿನ ಬೆಳೆಗಾರ ತನ್ನ ಕಾಫಿಯನ್ನು ಲಂಡನ್ನಿನಲ್ಲಿ ಪೌಂಡಿಗೆ ಮಾರುತ್ತಿದ್ದನು, ಕೂಲಿಯನ್ನು ರೂಪಾಯಿಯಲ್ಲಿ ಕೊಡುತ್ತಿದ್ದನು. ರೂಪಾಯಿ ಅಗ್ಗವಾದಷ್ಟೂ ಅವನಿಗೆ ಒಂದು ಪೌಂಡಿಗೆ ಹೆಚ್ಚು ರೂಪಾಯಿ ದೊರೆಯುತ್ತಿತ್ತು. 1893ರಲ್ಲಿ ಸರ್ಕಾರವು ಟಂಕಸಾಲೆಗಳಲ್ಲಿ ಬೆಳ್ಳಿಯ ಮುಕ್ತ ನಾಣ್ಯೀಕರಣವನ್ನು ನಿಲ್ಲಿಸಿತು. ಮರುವರ್ಷವೇ ಬಂದ ಕಾಫಿ ಪುಸ್ತಕದಲ್ಲಿ ನಾಣ್ಯದ ಬಗ್ಗೆ ಒಂದು ಅಧ್ಯಾಯವಿರುವುದಕ್ಕೆ ಕಾರಣ ಇದರಿಂದ ಸ್ಪಷ್ಟವಾಗುತ್ತದೆ. ಡಾಲರಿನ ಎದುರು ರೂಪಾಯಿಯ ದರವನ್ನು ಇಂದಿನ ಬೆಳೆಗಾರರು ಗಮನಿಸುವುದೂ ಇದೇ ಕಾರಣದಿಂದ.

ತಳಿಗಳು

ರೋಗವನ್ನು ತಡೆಯುವ, ಆದರೆ ರುಚಿ ಕೆಡದ ತಳಿಯ ಹುಡುಕಾಟ ಇಪ್ಪತ್ತನೆಯ ಶತಮಾನದಲ್ಲಿ ಸಂಶೋಧನೆಯ ರೂಪ ಪಡೆಯಿತು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಇದು ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಇಲ್ಲಿ ‘ಕೆಂಟ್ಸ್’ ಎಂಬ ಅರೇಬಿಕಾ ತಳಿಯನ್ನು ಎಸ್. 288 ಎಂಬ ತಳಿಯೊಂದಿಗೆ ಸಂಕರಿಸಿ ಎಸ್. 795 ತಳಿಯನ್ನು ರೂಪಿಸಲಾಯಿತು. 1940ರ ದಶಕದ ಮಧ್ಯಭಾಗದಲ್ಲಿ ಬಿಡುಗಡೆಯಾದ ಈ ತಳಿ ಮಂಜರಾಬಾದ್ ಸೇರಿದಂತೆ ಕರ್ನಾಟಕದ ಅರೇಬಿಕಾ ಸೀಮೆಗಳಲ್ಲೆಲ್ಲ ಹರಡಿತು. ಬಳಿಕ ಬಂದ ಸೆಲೆಕ್ಷನ್ 9, ಕಾವೇರಿ, ಚಂದ್ರಗಿರಿ ಮುಂತಾದವೂ ಇಲ್ಲಿ ಬೆಳೆಯುತ್ತಿವೆ. ಎಸ್. 795ರ ರುಚಿ ಸಮತೂಕದ್ದೆಂದು ಹೆಸರಾಗಿದೆ. ಆದರೆ ಎಲೆತುಕ್ಕು ರೋಗದ ವಿರುದ್ಧ ಅದಕ್ಕಿದ್ದ ಶಕ್ತಿ ಕಾಲಕ್ರಮೇಣ ಕುಗ್ಗಿದೆ, ಬಿಳಿ ಕಾಂಡಕೊರಕದ ಹಾವಳಿಗೂ ಅದು ಈಡಾಗುತ್ತದೆ.

ರುಚಿಯ ಖರ್ಚು

ಕಾಫಿಯ ರುಚಿ ತೋಟದಲ್ಲಿ ಮಾಡುವ ಕೆಲಸವನ್ನು ಬಹಳವಾಗಿ ಅವಲಂಬಿಸಿದೆ. ಗಿಡದಲ್ಲಿ ಎಲ್ಲ ಹಣ್ಣೂ ಒಮ್ಮೆಗೆ ಮಾಗುವುದಿಲ್ಲ. ನವೆಂಬರಿನಿಂದ ಜನವರಿಯವರೆಗೆ ಮೂರು ನಾಲ್ಕು ಸುತ್ತು ಕೊಯ್ಲು ಮಾಡಿ, ಪ್ರತಿ ಸಲವೂ ಕೆಂಪು ಹಣ್ಣನ್ನು ಮಾತ್ರ ಆರಿಸಬೇಕು. ಅದೇ ದಿನ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಲೋಳೆ ಕಳೆದು, ತೊಳೆದು, ಕಣದಲ್ಲಿ ಹದವಾಗಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್ ಕಾಫಿ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರ್ರಿ ಕಾಫಿ. ಸ್ಥೂಲವಾಗಿ ಹೇಳುವುದಾದರೆ 100 ಕೆ.ಜಿ. ಅರೇಬಿಕಾ ಹಣ್ಣಿನಿಂದ 20 ಕೆ.ಜಿ. ಪಾರ್ಚ್‌ಮೆಂಟ್ ದೊರೆಯುತ್ತದೆ, ಅದನ್ನು ಕ್ಯೂರಿಂಗ್ ಕಾರ್ಖಾನೆಯಲ್ಲಿ ಹಸನು ಮಾಡಿದಾಗ ಸುಮಾರು 16 ಕೆ.ಜಿ. ಬೀಜ ಉಳಿಯುತ್ತದೆ.

ಪ್ರತಿಯೊಂದು ಹೆಚ್ಚುವರಿ ಸುತ್ತಿನ ಕೊಯ್ಲಿಗೂ ಕೂಲಿಯ ಖರ್ಚಿದೆ. ಆರಿಸಿ ಕೊಯ್ದ ಕಾಫಿಗೂ ಒಟ್ಟಿಗೆ ಉದುರಿಸಿದ ಕಾಫಿಗೂ ಮಾರುಕಟ್ಟೆಯಲ್ಲಿ ದೊರೆಯುವ ಬೆಲೆಯ ವ್ಯತ್ಯಾಸ ಆ ಖರ್ಚಿಗಿಂತ ಕಡಿಮೆಯಾದರೆ, ಬೆಳೆಗಾರನು ಆರಿಸುವುದನ್ನು ಬಿಟ್ಟು ಗಿಡದ ಹಣ್ಣು ಕಾಯಿಗಳನ್ನು ಒಮ್ಮೆಗೇ ಉದುರಿಸುತ್ತಾನೆ. ಇದು ಅಲಕ್ಷ್ಯವಲ್ಲ, ಲೆಕ್ಕಾಚಾರ. ಕೊಯ್ಲಿಗೆ ಸ್ಥಳೀಯರೊಂದಿಗೆ ಬಯಲುಸೀಮೆಯಿಂದಲೂ ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಾರೆ. ಅವರ ಕೈಯ ನೈಪುಣ್ಯವೇ ಕಾಫಿಯ ಗುಣಮಟ್ಟದ ಮೊದಲ ಮೆಟ್ಟಿಲು.

ರುಚಿ ಪರೀಕ್ಷೆ

ಕಾಫಿಯ ರುಚಿಯನ್ನು ಕ್ರಮಬದ್ಧವಾಗಿ ಅಳೆಯುವುದಕ್ಕೆ ‘ಕಪ್ಪಿಂಗ್’ ಎಂದು ಹೆಸರು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ 150 ಮಿಲಿಲೀಟರ್ ನೀರಿಗೆ 8.25 ಗ್ರಾಂನಂತೆ, ತಿಳಿಯಾಗಿ ಹುರಿದು ಪುಡಿಮಾಡಿದ ಕಾಫಿಯನ್ನು ಬಟ್ಟಲಿಗೆ ಹಾಕಿ, ಕುದಿಯುವ ಮಟ್ಟಕ್ಕಿಂತ ತುಸು ಕೆಳಗಿನ ಬಿಸಿಯ ನೀರು ಸುರಿಯಲಾಗುತ್ತದೆ. ಸುಮಾರು ನಾಲ್ಕು ನಿಮಿಷಗಳ ಬಳಿಕ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಪರಿಮಳವನ್ನು ಗ್ರಹಿಸುತ್ತಾರೆ. ಆಮೇಲೆ ಕಾಫಿಯನ್ನು ಚಮಚದಿಂದ ಸದ್ದಾಗುವಂತೆ ಹೀರಿ ಹುಳಿ, ಸಿಹಿ, ಗಾಢತೆ, ಬಾಯಲ್ಲಿ ಉಳಿಯುವ ರುಚಿ ಮುಂತಾದವುಗಳಿಗೆ ಅಂಕ ನೀಡುತ್ತಾರೆ. ನೂರರಲ್ಲಿ 80 ಅಥವಾ ಹೆಚ್ಚು ಅಂಕ ಪಡೆದದ್ದು ವಿಶೇಷ ಕಾಫಿ, ಅಂದರೆ ‘ಸ್ಪೆಷಾಲಿಟಿ’ ಕಾಫಿ. ಹಾಲು, ಸಕ್ಕರೆ, ಚಿಕೋರಿ ಯಾವುದನ್ನೂ ಸೇರಿಸುವುದಿಲ್ಲ.

ಕಾಫಿ ಮಂಡಳಿಯು ಬೆಂಗಳೂರಿನಲ್ಲಿ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯವನ್ನು ಹೊಂದಿದ್ದು, ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಶಿಕ್ಷಣವನ್ನೂ ನೀಡುತ್ತದೆ. ಉತ್ತಮ ಕಾಫಿಗಳನ್ನು ಗುರುತಿಸಲು 2002ರಿಂದ ‘ಫ್ಲೇವರ್ ಆಫ್ ಇಂಡಿಯಾ’ ಹೆಸರಿನ ಸ್ಪರ್ಧೆಯನ್ನು ಆರಂಭಿಸಿತು.

ವೈನ್ ಅರ್ಥಶಾಸ್ತ್ರದೊಂದಿಗೆ ಹೋಲಿಕೆ

ರುಚಿಗೂ ಬೆಲೆಗೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಪ್ರಯತ್ನ ಹೆಚ್ಚು ನಡೆದಿರುವುದು ವೈನ್ ಕ್ಷೇತ್ರದಲ್ಲಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ ಸ್ವತಃ ವೈನ್ ಪ್ರಿಯರು. ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್‌ಗಳ ಹರಾಜು ಬೆಲೆಯನ್ನು ಅವರು ನಾಲ್ಕು ಅಂಶಗಳಿಂದ ವಿವರಿಸಿದರು: ವೈನಿನ ವಯಸ್ಸು, ಹಿಂದಿನ ಚಳಿಗಾಲದ ಮಳೆ, ದ್ರಾಕ್ಷಿ ಬೆಳೆಯುವ ಕಾಲದ ಸರಾಸರಿ ಉಷ್ಣಾಂಶ ಮತ್ತು ಕೊಯ್ಲಿನ ಹೊತ್ತಿನ ಮಳೆ. ವೈನನ್ನು ಬಾಯಿಗೆ ಹಾಕದೆಯೇ, ಹವಾಮಾನದ ದಾಖಲೆಯಿಂದ ಅದರ ಗುಣಮಟ್ಟವನ್ನು ಅಂದಾಜು ಮಾಡಬಹುದೆಂಬ ಈ ವಾದಕ್ಕೆ ವೃತ್ತಿಪರ ವಿಮರ್ಶಕರಿಂದ ತೀವ್ರ ವಿರೋಧ ಬಂದಿತು. 2006ರಲ್ಲಿ ಅಮೆರಿಕದ ವೈನ್ ಅರ್ಥಶಾಸ್ತ್ರಜ್ಞರ ಸಂಘ ಸ್ಥಾಪನೆಯಾಗಿ, ಈ ವಿಷಯಕ್ಕೆ ಮೀಸಲಾದ ನಿಯತಕಾಲಿಕವೂ ಆರಂಭವಾಯಿತು. ಅದರಲ್ಲಿ 2008ರಲ್ಲಿ ಪ್ರಕಟವಾದ ರಾಬರ್ಟ್ ಹಾಡ್ಜ್‌ಸನ್ ಅವರ ಅಧ್ಯಯನವು, ಒಂದೇ ವೈನನ್ನು ಗುರುತು ಸಿಗದಂತೆ ಮತ್ತೆ ಮತ್ತೆ ಕೊಟ್ಟಾಗ ಅನೇಕ ತೀರ್ಪುಗಾರರು ಬೇರೆ ಬೇರೆ ಅಂಕ ನೀಡಿದ್ದನ್ನು ತೋರಿಸಿತು.

ಈ ಅಧ್ಯಯನಗಳ ದೃಷ್ಟಿಯಿಂದ ನೋಡಿದರೆ ಮಂಜರಾಬಾದಿನ ತೋಟದ ಮನೆಗಳಲ್ಲಿರುವ ಮಳೆಯ ಪುಸ್ತಕಗಳ ಬೆಲೆ ತಿಳಿಯುತ್ತದೆ. ಹೂಮಳೆ ಬಂದ ದಿನ, ಮುಂಗಾರಿನ ಆರ್ಭಟ, ಕೊಯ್ಲಿನ ಹೊತ್ತಿನ ಅಕಾಲಿಕ ಮಳೆ ಇವೆಲ್ಲ ಇಳುವರಿಯನ್ನೂ ಗುಣಮಟ್ಟವನ್ನೂ ನಿರ್ಧರಿಸುತ್ತವೆ. ಕಣದಲ್ಲಿ ಹರಡಿದ ಕಾಫಿ ನೆನೆದರೆ ಬೂಷ್ಟು ಹಿಡಿದು ರುಚಿ ಕೆಡುತ್ತದೆ.

ಆದರೆ ವೈನ್ ಮತ್ತು ಕಾಫಿಯ ನಡುವೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಉತ್ತಮ ವೈನ್ ವಯಸ್ಸಾದಂತೆ ಬೆಲೆ ಪಡೆಯಬಹುದು; ಕಾಫಿ ಬೀಜ ಒಂದು ವರ್ಷ ಕಳೆಯುವುದರೊಳಗೆ ಸೊರಗತೊಡಗುತ್ತದೆ. ಆದ್ದರಿಂದ ಬೆಲೆ ಏರಲೆಂದು ಬೆಳೆಗಾರ ಬಹುಕಾಲ ಕಾಯಲಾರ. ಎರಡನೆಯದಾಗಿ, ವೈನ್ ತಯಾರಿಕೆ ದ್ರಾಕ್ಷಿ ತೋಟದ ಬಳಿಯಲ್ಲಿಯೇ ಮುಗಿದು, ಸೀಸೆಯ ಮೇಲೆ ಊರಿನ ಮತ್ತು ತೋಟದ ಹೆಸರು ಅಚ್ಚಾಗುತ್ತದೆ. ಕಾಫಿಯನ್ನು ಬೆಳೆಗಾರ ಕಚ್ಚಾ ಬೀಜವಾಗಿ ಮಾರುತ್ತಾನೆ. ಹುರಿಯುವುದು, ಬೆರೆಸುವುದು, ಹೆಸರಿಡುವುದು ಬೇರೆಡೆ ನಡೆಯುತ್ತದೆ. ಬಟ್ಟಲು ಸೇರುವ ಹೊತ್ತಿಗೆ ಊರಿನ ಹೆಸರು ಮರೆಯಾಗಿರುತ್ತದೆ, ಬೆಲೆಯ ಬಹುಪಾಲು ಬೇರೆಯವರಿಗೆ ಸೇರಿರುತ್ತದೆ.

ಮಾರುಕಟ್ಟೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಮಾರುಕಟ್ಟೆಗಳು ಮುಚ್ಚಿ ಕಾಫಿ ಬೆಲೆ ಕುಸಿದಾಗ ಸರ್ಕಾರವು ಬೆಳೆಗಾರರ ನೆರವಿಗೆ ಬಂದಿತು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ಮನೆಬಳಕೆಗೆ ಮತ್ತು ಬೀಜಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಉಳಿದ ಕಾಫಿಯನ್ನೆಲ್ಲ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಾಗಿತ್ತು. ಮಂಡಳಿಯು ಮಾರಾಟ ಮಾಡಿ, ದರ್ಜೆಗೆ ತಕ್ಕ ಪಾಯಿಂಟುಗಳ ಲೆಕ್ಕದಲ್ಲಿ ಹಣವನ್ನು ಕಂತುಗಳಲ್ಲಿ ನೀಡುತ್ತಿತ್ತು. ಸಣ್ಣ ಬೆಳೆಗಾರನಿಗೆ ಇದರಿಂದ ಭದ್ರತೆ ದೊರೆಯಿತು. ಆದರೆ ಹಣ ಕೈಸೇರಲು ಬಹಳ ಕಾಲ ಹಿಡಿಯುತ್ತಿತ್ತು, ಅನೇಕ ತೋಟಗಳ ಕಾಫಿ ಒಂದರೊಳಗೊಂದು ಬೆರೆತು ಒಂದು ತೋಟದ ವಿಶಿಷ್ಟ ರುಚಿಗೆ ಪ್ರತ್ಯೇಕ ಗಿರಾಕಿ ಸಿಗುವ ಅವಕಾಶ ಕಡಿಮೆಯಾಗಿತ್ತು.

1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಕುಸಿಯಿತು. 1990ರ ದಶಕದಲ್ಲಿ ಭಾರತ ಸರ್ಕಾರವು ಮುಕ್ತ ಮಾರಾಟಕ್ಕೆ ಹಂತಹಂತವಾಗಿ ಅವಕಾಶ ನೀಡಿ, 1996ರ ವೇಳೆಗೆ ಪೂಲ್ ವ್ಯವಸ್ಥೆಯನ್ನು ಪೂರ್ಣವಾಗಿ ಕೈಬಿಟ್ಟಿತು. ಅಂದಿನಿಂದ ಮಂಜರಾಬಾದಿನ ಬೆಳೆಗಾರರು ನೇರವಾಗಿ ಪ್ರಪಂಚದ ಮಾರುಕಟ್ಟೆಗೆ ಒಡ್ಡಿಕೊಂಡಿದ್ದಾರೆ. ಅರೇಬಿಕಾದ ಬೆಲೆಗೆ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯೂ ರೊಬಸ್ಟಾದ ಬೆಲೆಗೆ ಲಂಡನ್ ಮಾರುಕಟ್ಟೆಯೂ ಆಧಾರ. ಸಕಲೇಶಪುರದ ವ್ಯಾಪಾರಿಗಳು 50 ಕೆ.ಜಿ. ಮೂಟೆಯ ಲೆಕ್ಕದಲ್ಲಿ ದಿನದ ದರ ಹೇಳುತ್ತಾರೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾದಾಗ ಇಲ್ಲಿನ ಕಾಫಿಗೆ ಒಮ್ಮೆಲೆ ಬೆಲೆ ಬಂದಿತು. 2001ರಲ್ಲಿ ಜಾಗತಿಕ ಬೆಲೆ ಒಂದು ಪೌಂಡ್ ತೂಕಕ್ಕೆ 50 ಅಮೆರಿಕನ್ ಸೆಂಟ್‌ಗಿಂತ ಕೆಳಗಿಳಿದು, ಸಾಲ ಮಾಡಿದ್ದ ಬೆಳೆಗಾರರು ಸಂಕಷ್ಟಕ್ಕೆ ಸಿಲುಕಿದರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ದರ 400 ಸೆಂಟ್ ದಾಟಿ ಹೊಸ ದಾಖಲೆ ನಿರ್ಮಿಸಿತು. ಈ ಏರಿಳಿತಗಳಲ್ಲಿ ಯಾವುದಕ್ಕೂ ಮಂಜರಾಬಾದಿನ ರುಚಿ ಕಾರಣವಾಗಿರಲಿಲ್ಲ. ಸಾಮಾನ್ಯ ದರಕ್ಕಿಂತ ಮೇಲೆ ಗುಣಮಟ್ಟಕ್ಕೆಂದು ದೊರೆಯುವ ಅಧಿಕ ಬೆಲೆ ಮಾತ್ರ ಬೆಳೆಗಾರನ ಕೆಲಸದಿಂದ ಬರುವಂಥದು.

ಭೌಗೋಳಿಕ ಸೂಚಕದ ಪ್ರಶ್ನೆ

ವೈನಿನ ಲೋಕದಲ್ಲಿ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಷಾಂಪೇನ್ ಸೀಮೆಯ ಹೊರಗೆ ಮಾಡಿದ ವೈನನ್ನು ಯುರೋಪಿನಲ್ಲಿ ಆ ಹೆಸರಿನಿಂದ ಮಾರುವಂತಿಲ್ಲ. ಭಾರತದಲ್ಲಿ ಇಂಥ ರಕ್ಷಣೆಯನ್ನು ಭೌಗೋಳಿಕ ಸೂಚಕಗಳ ಕಾಯಿದೆ ಒದಗಿಸುತ್ತದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಅರಕು ಕಣಿವೆ ಅರೇಬಿಕಾ ಮತ್ತು ವಯನಾಡು ರೊಬಸ್ಟಾ ಎಂಬ ಐದು ಕಾಫಿಗಳಿಗೆ ಈ ಮಾನ್ಯತೆ ದೊರೆಯಿತು. ಆ ಐದರಲ್ಲಿ ಮಂಜರಾಬಾದ್ ಇರಲಿಲ್ಲ. ಮಂಡಳಿಯ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿದ್ದರೂ ನೆರೆಯ ಜಿಲ್ಲೆಗಳ ಕಾಫಿಗೆ ಇರುವಷ್ಟು ಪ್ರಸಿದ್ಧಿ ಮಂಜರಾಬಾದಿಗೆ ಗ್ರಾಹಕರ ನಡುವೆ ಇಲ್ಲ.

ಪ್ರವಾಸ

ಗ್ರಾಹಕ ಮತ್ತು ಬೆಳೆಗಾರ ಮುಖಾಮುಖಿಯಾಗುವ ಅವಕಾಶ ಪ್ರವಾಸದಿಂದ ಒದಗಿದೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಸಕಲೇಶಪುರದ ಮೂಲಕ ಹಾದು ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ರೈಲುಮಾರ್ಗದಲ್ಲಿ 57 ಸುರಂಗಗಳಿವೆ. 1979ರಲ್ಲಿ ಮೀಟರ್ ಗೇಜ್ ಮಾರ್ಗವಾಗಿ ಪೂರ್ಣಗೊಂಡ ಹಾಸನ–ಮಂಗಳೂರು ಹಾದಿಯನ್ನು 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಲಾಯಿತು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಆರಂಭವಾಯಿತು. ಈ ಹಳಿಗಳ ಮೇಲೆ ಚಾರಣ ಮಾಡುವುದನ್ನು ರೈಲ್ವೆ ಇಲಾಖೆ ನಿಷೇಧಿಸಿದೆ.

ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ, ಜೇನುಕಲ್ಲು ಗುಡ್ಡ, ಮೂಕನಮನೆ ಜಲಪಾತ, ಬೆಟ್ಟದ ಭೈರವೇಶ್ವರ ದೇವಾಲಯ ಮುಂತಾದ ಸ್ಥಳಗಳಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ತೋಟದ ಹೋಂಸ್ಟೇಗಳಲ್ಲಿ ತಂಗುತ್ತಾರೆ. ಕಾಫಿಯ ದೃಷ್ಟಿಯಿಂದ ಬರುವವರಿಗೆ ಕಾಲ ಮುಖ್ಯ: ಹೂವನ್ನು ನೋಡಲು ಮಾರ್ಚ್–ಏಪ್ರಿಲ್, ಕೊಯ್ಲು, ಪಲ್ಪಿಂಗ್ ಮತ್ತು ಕಣದ ಕೆಲಸ ನೋಡಲು ಡಿಸೆಂಬರ್–ಜನವರಿ. ಮಲೆನಾಡಿನ ಮನೆಗಳಲ್ಲಿ ರೂಢಿಯಲ್ಲಿರುವ ಬೆಲ್ಲದ ಕಾಫಿ, ಪಟ್ಟಣದ ಚಿಕೋರಿ ಬೆರೆತ ಫಿಲ್ಟರ್ ಕಾಫಿ ಮತ್ತು ಹಾಲಿಲ್ಲದ ಕಪ್ಪಿಂಗ್ ಕಾಫಿ ಈ ಮೂರನ್ನೂ ಒಂದೇ ತೋಟದ ಬೀಜದಿಂದ ಮಾಡಿ ಕುಡಿದರೆ ರುಚಿಯ ವ್ಯತ್ಯಾಸ ಎಲ್ಲಿಂದ ಬರುತ್ತದೆಂಬುದು ತಿಳಿಯುತ್ತದೆ.

ಪ್ರವಾಸದ ಆರ್ಥಿಕ ಮಹತ್ವ ಕೋಣೆಯ ಬಾಡಿಗೆಗಷ್ಟೇ ಸೀಮಿತವಲ್ಲ. ತೋಟದಲ್ಲಿ ಕುಡಿದು ಮೆಚ್ಚಿದ ಗ್ರಾಹಕ ಅಲ್ಲಿಯೇ ಹುರಿದ ಪುಡಿಯನ್ನು ತೋಟದ ಹೆಸರಿನಿಂದಲೇ ಕೊಂಡಾಗ, ಕಚ್ಚಾ ಬೀಜದ ವ್ಯಾಪಾರದಲ್ಲಿ ಕಳೆದುಹೋಗುತ್ತಿದ್ದ ಊರಿನ ಹೆಸರು ಉಳಿಯುತ್ತದೆ.

ಸವಾಲುಗಳು

ಭಾರತದ ಕಾಫಿ ಉತ್ಪಾದನೆಯಲ್ಲಿ ಇಂದು ಸುಮಾರು ಶೇ. 70 ಭಾಗ ರೊಬಸ್ಟಾ. ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಹುಳು ಒಳಗಿನಿಂದ ಕೊರೆದು ಸಾಯಿಸುತ್ತದೆ. ಹುಳು ಬಿದ್ದ ಗಿಡವನ್ನು ಕಿತ್ತು ಸುಡುವುದೇ ಮುಖ್ಯ ಉಪಾಯ. ರೊಬಸ್ಟಾಕ್ಕೆ ಈ ಹುಳುವಿನ ಕಾಟವಿಲ್ಲ, ಇಳುವರಿಯೂ ಹೆಚ್ಚು. ಆದ್ದರಿಂದ ಮಂಜರಾಬಾದಿನಲ್ಲಿಯೂ ಅರೇಬಿಕಾ ಕಿತ್ತು ರೊಬಸ್ಟಾ ನೆಡುವವರಿದ್ದಾರೆ. 1870ರಲ್ಲಿ ಚಿಕ್ ತಳಿಯನ್ನು ಕಳೆದುಕೊಂಡ ಬೆಳೆಗಾರರು ಎದುರಿಸಿದ ಪ್ರಶ್ನೆಯೇ ಇದು. ಅಂದು ಹೊಸ ಬೀಜ ಹಳೆಯ ರುಚಿಯನ್ನು ಮರಳಿ ಕೊಟ್ಟಿತು. ರೊಬಸ್ಟಾ ಬೇರೆಯೇ ಜಾತಿಯ ಗಿಡವಾದ್ದರಿಂದ ಅದರಿಂದ ಅರೇಬಿಕಾದ ರುಚಿ ಬರುವುದಿಲ್ಲ.

ನೆರಳಿನ ಸ್ವರೂಪವೂ ಬದಲಾಗುತ್ತಿದೆ. ಅತ್ತಿ, ಬಸರಿ, ಗೋಣಿ ಮೊದಲಾದ ನಾಡಮರಗಳ ಜಾಗದಲ್ಲಿ ಬೇಗ ಬೆಳೆದು ಮಾರಾಟಕ್ಕೆ ಬರುವ ಸಿಲ್ವರ್ ಓಕ್ ಹೆಚ್ಚುತ್ತಿದೆ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, ಕಾಫಿ ಬೆಳೆದ ಜಮೀನಿನ ಸ್ಥಾನವಿವರವನ್ನು ಒದಗಿಸಬೇಕಾಗುತ್ತದೆ. ನಿಯಮದ ಜಾರಿಯನ್ನು ಮುಂದೂಡಲಾಗಿದೆಯಾದರೂ, ಇಟಲಿ ಮತ್ತು ಜರ್ಮನಿ ಭಾರತದ ಕಾಫಿಯ ದೊಡ್ಡ ಗಿರಾಕಿಗಳಾಗಿರುವುದರಿಂದ ಸಣ್ಣ ಬೆಳೆಗಾರರಿಗೂ ಇದು ಸಂಬಂಧಿಸಿದ್ದು. ಭಾರತದಲ್ಲಿ 10 ಹೆಕ್ಟೇರ್‌ವರೆಗಿನ ಹಿಡುವಳಿಗಳನ್ನು ಸಣ್ಣ ಹಿಡುವಳಿಗಳೆಂದು ಎಣಿಸುತ್ತಾರೆ; ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ.

ಆಲೂರು–ಸಕಲೇಶಪುರ ಭಾಗದಲ್ಲಿ ಕಾಡಾನೆ ಮತ್ತು ಮನುಷ್ಯರ ಸಂಘರ್ಷ ತೀವ್ರವಾಗಿದೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಈ ಭಾಗದ ಸಮಸ್ಯೆಯನ್ನು ಪರಿಶೀಲಿಸಿತು; ಆ ಬಳಿಕ 20ಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದರೂ ಸಂಘರ್ಷ ನಿಂತಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಎಂಬ ಆನೆ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸಾವನ್ನಪ್ಪಿತು. ಕಾಫಿ ಹಣ್ಣು ಕೊಯ್ಯಲು ಮುಂಜಾನೆ ಮಂಜಿನಲ್ಲಿ ತೋಟಕ್ಕೆ ಇಳಿಯುವ ಕಾರ್ಮಿಕರಿಗೆ ಈ ಅಪಾಯ ದಿನನಿತ್ಯದ್ದು. ಆನೆಗಳಿರುವ ದಿನ ಕೊಯ್ಲು ನಿಲ್ಲುತ್ತದೆ, ಮಾಗಿದ ಹಣ್ಣು ಗಿಡದಲ್ಲಿಯೇ ಒಣಗುತ್ತದೆ ಮತ್ತು ಅಷ್ಟರ ಮಟ್ಟಿಗೆ ಪಾರ್ಚ್‌ಮೆಂಟ್ ಆಗಬೇಕಾದ ಕಾಫಿ ಚೆರ್ರಿಯಾಗಿ ಮಾರಾಟವಾಗುತ್ತದೆ.